ಕೈಯಲ್ಲಿ ಫೋನು, ಕಣ್ಣು ಎಲ್ಲಿ?

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂದೇ ದಿನ, ಒಂದೇ ಪ್ರೌಢಶಾಲೆಯಲ್ಲಿ, ಒಂಬತ್ತನೇ ತರಗತಿಯ ಒಂದೇ ವಿಭಾಗಕ್ಕೆ ನಮ್ಮ ಇಬ್ಬರು ಪ್ರಶಿಕ್ಷಣಾರ್ಥಿಗಳು ಮಾಡಿದ ಎರಡು ಪಾಠಗಳನ್ನು ವೀಕ್ಷಿಸಿದೆ. ಎರಡಕ್ಕೂ ಅಂಕ ಹಾಕಿದೆ. ಆ ಅಂಕಗಳು ಸರಿಯಿರಲಿಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟವರು ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರು. ಈ ಲೇಖನಕ್ಕೆ ಅದೇ ಕಾರಣ.

ಮೊದಲನೆಯದು ವಿಜ್ಞಾನದ ಪಾಠ, ವಿಷಯ ಜೀವಕೋಶ. ಪ್ರಶಿಕ್ಷಣಾರ್ಥಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ, ತನ್ನ ಸ್ಮಾರ್ಟ್‌ಫೋನನ್ನೇ ರಿಮೋಟ್ ಮಾಡಿಕೊಂಡಿದ್ದ. ತರಗತಿಯ ನಡುವೆ ನಿಂತು ಬೆರಳು ಸರಿಸಿದರೆ ಸಾಕು, ಗೋಡೆಯ ಮೇಲೆ ಸ್ಲೈಡ್ ಬದಲಾಗುತ್ತಿತ್ತು. ಮಕ್ಕಳು ಬೆರಗಾದರು, ನಾನೂ ಆದೆ. ನಲವತ್ತು ನಿಮಿಷದಲ್ಲಿ 31 ಸ್ಲೈಡ್‌ಗಳು, ಎಲ್ಲಿಯೂ ತಡೆಯಿಲ್ಲ. ವೀಕ್ಷಣಾ ಪಟ್ಟಿಯ ‘ಬೋಧನೋಪಕರಣ ಮತ್ತು ತಂತ್ರಜ್ಞಾನದ ಬಳಕೆ’ ಎಂಬ ಸಾಲಿನಲ್ಲಿ 5ಕ್ಕೆ 5 ಬರೆದೆ.

ಎರಡನೆಯದು ಗಣಿತ. ಒಂದು ಕಂಸವು ವೃತ್ತಕೇಂದ್ರದಲ್ಲಿ ಉಂಟುಮಾಡುವ ಕೋನ, ಅದು ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಉಂಟುಮಾಡುವ ಕೋನದ ಎರಡರಷ್ಟು ಎಂಬ ಪ್ರಮೇಯ. ಪ್ರಶಿಕ್ಷಣಾರ್ಥಿ ಜಿಯೋಜೀಬ್ರಾದಲ್ಲಿ ಚಿತ್ರ ಸಿದ್ಧಪಡಿಸಿಕೊಂಡು ಬಂದಿದ್ದಳು. ಆದರೆ ಅವಳ ಹಳೆಯ ಫೋನಿನಲ್ಲಿ ರಿಮೋಟ್ ಆ್ಯಪ್ ಕೆಲಸ ಮಾಡಲಿಲ್ಲ. ಕಂಪ್ಯೂಟರ್ ಇದ್ದದ್ದು ಕಿಟಕಿ ಪಕ್ಕದ ಮೂಲೆಯಲ್ಲಿ, ಏಕೆಂದರೆ ಪ್ಲಗ್ ಇದ್ದದ್ದು ಅಲ್ಲಿ. ಎರಡು ಸಲ ಕಪ್ಪುಹಲಗೆಗೂ ಮೂಲೆಗೂ ಓಡಾಡಿದ ಮೇಲೆ ಅವಳು ಮುಂದಿನ ಸಾಲಿನ ಹುಡುಗಿಯನ್ನು ಕರೆದಳು: “ನೀನು ಬಾಮ್ಮ, ಇಲ್ಲಿ ಕೂತು ಈ ಬಿಂದುವನ್ನು ಎಳಿ.” ತಾನು ಹಿಂದಿನ ಬೆಂಚಿನ ಬಳಿ ಹೋಗಿ ನಿಂತು, “ಬಿಂದು ಎಲ್ಲಿಗೆ ಹೋಗಬೇಕು, ನೀವೇ ಹೇಳಿ” ಎಂದಳು. “ಮೇಲೆ, ಇನ್ನೂ ಮೇಲೆ”, “ಎಡಕ್ಕೆ ಬಾರೇ” ಎಂದು ತರಗತಿ ಗದ್ದಲವಾಯಿತು. ಕೇಂದ್ರದಲ್ಲಿ 100°, ಬಿಂದು ಎಲ್ಲಿಗೆ ಹೋದರೂ 50°. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, “ಮಿಸ್, ಆ ಚಿಕ್ಕ ಕಂಸದ ಮೇಲೇ ತಂದ್ರೆ?” ಎಂದು ಕೇಳಿದ. ತಂದರು. 50° ಇದ್ದದ್ದು 130° ಆಯಿತು. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಬ್ಬಳು, “ಎರಡೂ ಕೂಡಿದ್ರೆ 180 ಮಿಸ್” ಎಂದಳು. “ಅದನ್ನು ನಾಳೆಗೆ ಇಟ್ಟುಕೊಳ್ಳೋಣ” ಎಂದು ಪ್ರಶಿಕ್ಷಣಾರ್ಥಿ ನಕ್ಕಳು. ಪಾಠ ಮುಗಿಯುವಷ್ಟರಲ್ಲಿ ಮೌಸ್ ಹಿಡಿದವರು ನಾಲ್ವರು ಮಕ್ಕಳು.

ನಾನು ಅದೇ ಸಾಲಿನಲ್ಲಿ 5ಕ್ಕೆ 3 ಹಾಕಿದೆ. ಕಾರಣವನ್ನೂ ಬರೆದೆ: ‘ಕಂಪ್ಯೂಟರ್ ಬಳಿ ಓಡಾಟದಲ್ಲಿ ಸಮಯ ವ್ಯರ್ಥ. ರಿಮೋಟ್ ಬಳಸಬಹುದಿತ್ತು.’

ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುವಾಗ ಮಾರ್ಗದರ್ಶಕ ಶಿಕ್ಷಕರು ಕೇಳಿದರು: “ಮೇಡಂ, ಮೊದಲನೇ ಪಾಠದಲ್ಲಿ ಎಷ್ಟು ಮಕ್ಕಳು ಮಾತಾಡಿದ್ರು, ಲೆಕ್ಕ ಇಟ್ರಾ?” ನಾನು ಇಟ್ಟಿರಲಿಲ್ಲ. ಸಹಪಾಠಿ ವೀಕ್ಷಕರ ಪುಸ್ತಕಗಳನ್ನು ತರಿಸಿ ನೋಡಿದೆವು. ಮೊದಲನೆಯ ಪಾಠದಲ್ಲಿ ಮಾತನಾಡಿದವರು ಮೂವರು, ಮೂವರೂ ಮುಂದಿನ ಎರಡು ಸಾಲಿನವರು. ಎರಡನೆಯದರಲ್ಲಿ ಹದಿನಾಲ್ಕು ಮಂದಿ. ಅವರು ಮುಂದುವರಿಸಿದರು: “ಆ ಹುಡುಗ ಚೆನ್ನಾಗಿ ತಯಾರಿ ಮಾಡ್ಕೊಂಡು ಬಂದಿದ್ದ, ಇಲ್ಲ ಅನ್ನಲ್ಲ. ಆದ್ರೆ ಪೂರ್ತಿ ಪಾಠ ಫೋನ್ ನೋಡ್ತಾನೇ ಇದ್ದ. ಮೊಬೈಲ್ ತರಬೇಡಿ ಅಂತ ನಾವು ಮಕ್ಕಳಿಗೆ ದಿನಾ ಹೇಳ್ತೀವಿ. ಮೇಷ್ಟ್ರೇ ಮೊಬೈಲ್ ನೋಡ್ಕೊಂಡು ಪಾಠ ಮಾಡಿದ್ರೆ ಅವರು ಏನಂದ್ಕೋಬೇಕು?”

ನಾನು ಉಪಕರಣಕ್ಕೆ ಅಂಕ ಕೊಟ್ಟಿದ್ದೆ, ಬೋಧನೆಯನ್ನು ನೋಡಿರಲಿಲ್ಲ. ಮಧ್ಯಾಹ್ನದ ಹಿಮ್ಮಾಹಿತಿ ಸಭೆಯಲ್ಲಿ ಇಬ್ಬರಿಗೂ ಇದನ್ನು ಹೇಳಿದೆ. ಮೊದಲನೆಯ ಪ್ರಶಿಕ್ಷಣಾರ್ಥಿಯ ಮುಖ ಸಪ್ಪಗಾಯಿತು. “ಹಾಗಾದ್ರೆ ರಿಮೋಟ್ ಬಿಟ್ಟುಬಿಡ್ಲಾ ಮೇಡಂ?” ಎಂದು ಕೇಳಿದ. ಬಿಡಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಯಾವುದಕ್ಕಾಗಿ ಬಳಸುತ್ತೇವೆ ಎಂಬುದನ್ನು ಬೋಧಕರಾದ ನಾವು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಪ್ಲಗ್ ಇದ್ದಲ್ಲಿ ಶಿಕ್ಷಕ

ನಮ್ಮ ಶಾಲೆಗಳ ತರಗತಿಗೆ ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್ ಬಂದಾಗ ಒಂದು ಸಂಗತಿ ಸದ್ದಿಲ್ಲದೆ ನಡೆಯಿತು. ಶಿಕ್ಷಕ ಎಲ್ಲಿ ನಿಲ್ಲಬೇಕು ಎಂಬುದನ್ನು ವಿದ್ಯುತ್ ಪ್ಲಗ್ಗೂ ಪ್ರೊಜೆಕ್ಟರ್ ಕೇಬಲ್ಲಿನ ಉದ್ದವೂ ನಿರ್ಧರಿಸತೊಡಗಿದವು. ಸೀಮೆಸುಣ್ಣ ಹಿಡಿದ ಶಿಕ್ಷಕ ಬರೆದು ಮುಗಿಸಿ ಮಕ್ಕಳ ನಡುವೆ ಬರುತ್ತಿದ್ದ. ಸ್ಲೈಡ್ ತೋರಿಸುವ ಶಿಕ್ಷಕ ಅರ್ಧ ನಿಮಿಷಕ್ಕೊಮ್ಮೆ ಕೀಲಿ ಒತ್ತಬೇಕಾದ್ದರಿಂದ ಮೂಲೆ ಬಿಡಲಾರ.

ಇದರ ಪರಿಣಾಮ ಸಣ್ಣದಲ್ಲ. ಆಡಮ್ಸ್ ಮತ್ತು ಬಿಡಲ್ 1970ರಲ್ಲಿ ಪ್ರಕಟಿಸಿದ ತರಗತಿ ಅಧ್ಯಯನದಲ್ಲಿ, ಶಿಕ್ಷಕರೊಡನೆ ಮಾತುಕತೆ ನಡೆಸುವ ಮಕ್ಕಳು ಹೆಚ್ಚಾಗಿ ಮುಂದಿನ ಸಾಲುಗಳಲ್ಲೂ ನಡುವಿನ ಸಾಲಿನಲ್ಲೂ ಕೂತವರು ಎಂದು ತೋರಿಸಿದರು. ಶಿಕ್ಷಕ ಮುಂದೆಯೇ ಉಳಿದರೆ ಈ ವಲಯ ಗಟ್ಟಿಯಾಗುತ್ತದೆ. ಫ್ಲ್ಯಾಂಡರ್ಸ್ ಅವರ ಮೂರನೇ ಎರಡರ ನಿಯಮವನ್ನು ನಾವೆಲ್ಲ ಪಾಠ ಮಾಡುತ್ತೇವೆ: ತರಗತಿಯ ಸಮಯದ ಮೂರನೇ ಎರಡು ಭಾಗ ಮಾತಿಗೆ ಹೋಗುತ್ತದೆ, ಆ ಮಾತಿನ ಮೂರನೇ ಎರಡು ಭಾಗ ಶಿಕ್ಷಕರದು. 31 ಸ್ಲೈಡ್‌ಗಳ ಪಾಠದಲ್ಲಿ ಈ ಪಾಲು ಇನ್ನೂ ಏರುತ್ತದೆ. ಸ್ಲೈಡಿನಲ್ಲಿರುವುದನ್ನು ಓದಿ ಹೇಳುವುದೂ ಶಿಕ್ಷಕರ ಮಾತೇ ತಾನೆ?

ಫೋನನ್ನು ರಿಮೋಟ್ ಮಾಡಿಕೊಳ್ಳುವುದರ ಬೆಲೆ ಇರುವುದು ಇಲ್ಲಿ. ಅದು ಶಿಕ್ಷಕನನ್ನು ಮೂಲೆಯಿಂದ ಬಿಡಿಸುತ್ತದೆ. ಹಿಂದಿನ ಬೆಂಚಿನ ಮಗುವಿನ ನೋಟ್‌ಪುಸ್ತಕ ನೋಡುತ್ತಲೇ ಮುಂದಿನ ಚಿತ್ರ ತೆರೆಯಬಹುದು. ವಿಡಿಯೊ ನಡೆಯುವಾಗ ಮಕ್ಕಳ ಮುಖ ನೋಡುತ್ತ ನಿಂತು, ಗೊಂದಲ ಕಂಡಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬಹುದು. ಮನೆಯ ಟಿ.ವಿ. ರಿಮೋಟ್ ಕೂತವರು ಏಳದಿರಲಿ ಎಂದು ಬಂದದ್ದು. ತರಗತಿಯ ರಿಮೋಟ್ ನಿಂತವರು ನಡೆದಾಡಲಿ ಎಂದು ಬರಬೇಕು. ಹಾಗೆ ನಡೆದಾಡದವರ ಕೈಯಲ್ಲಿ ಅದಕ್ಕೆ ಬೇರೆ ಪ್ರಯೋಜನ ನನಗೆ ಕಂಡಿಲ್ಲ.

ನೋಡದೆ ಒತ್ತಬೇಕು

ಆದರೆ ಟಿ.ವಿ. ರಿಮೋಟಿಗೂ ಫೋನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಗುಂಡಿಗಳಿರುವ ರಿಮೋಟನ್ನು ಬೆರಳೇ ಗುರುತಿಸುತ್ತದೆ. ಫೋನಿನ ನುಣುಪಾದ ಗಾಜಿನ ಮೇಲೆ ಬೆರಳಿಗೆ ಗುರುತು ಸಿಗುವುದಿಲ್ಲ, ಕಣ್ಣು ಕೆಳಗಿಳಿಯಲೇಬೇಕು. ಹೀಗೆ ಶಿಕ್ಷಕನ ಕಾಲಿಗೆ ಬಿಡುಗಡೆ ಸಿಕ್ಕರೂ ಕಣ್ಣು ಸೆರೆಯಾಗುತ್ತದೆ. ಕೂನಿನ್ 1970ರಲ್ಲಿ ಪ್ರಕಟಿಸಿದ ತರಗತಿ ನಿರ್ವಹಣೆಯ ಅಧ್ಯಯನದಲ್ಲಿ ಒತ್ತಿ ಹೇಳಿದ ಗುಣ, ಮೇಷ್ಟ್ರ ಬೆನ್ನಿಗೂ ಕಣ್ಣಿದೆ ಎಂದು ಮಕ್ಕಳಿಗೆ ಅನ್ನಿಸುವಂಥದ್ದು. ಮುಂದಿರುವ ಕಣ್ಣೇ ಫೋನಿನಲ್ಲಿ ಮುಳುಗಿದ್ದರೆ ಆ ಗುಣ ಎಲ್ಲಿಂದ ಬರಬೇಕು?

ಇದಕ್ಕೆ ಪರಿಹಾರವಿದೆ, ಅಭ್ಯಾಸ ಬೇಕು. ಕೆಲವು ಆ್ಯಪ್‌ಗಳಲ್ಲಿ ಫೋನಿನ ಧ್ವನಿ ಹೆಚ್ಚಿಸುವ, ತಗ್ಗಿಸುವ ಗುಂಡಿಗಳಿಂದಲೇ ಸ್ಲೈಡ್ ಮುಂದೆ ಹಿಂದೆ ಮಾಡಬಹುದು. ಆಗ ಫೋನು ನೋಡುವ ಅಗತ್ಯವೇ ಇಲ್ಲ, ಕೈ ಕೆಳಗೆ ಬಿಟ್ಟುಕೊಂಡೇ ಒತ್ತಬಹುದು. ಪ್ರಶಿಕ್ಷಣಾರ್ಥಿಗಳು ಆ್ಯಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಈ ಸೌಲಭ್ಯ ಇದೆಯೇ ಎಂಬುದನ್ನು.

ಎರಡನೆಯ ಅಭ್ಯಾಸ ಪರದೆಯನ್ನು ಕಪ್ಪಾಗಿಸುವುದು. ಪವರ್‌ಪಾಯಿಂಟ್‌ನಲ್ಲಾಗಲಿ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಾಗಲಿ ಸ್ಲೈಡ್ ಪ್ರದರ್ಶನ ನಡೆಯುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ. ಕೀಲಿಮಣೆಯ ಸೌಲಭ್ಯವಿರುವ ರಿಮೋಟ್ ಆ್ಯಪ್‌ನಿಂದಲೂ ಇದನ್ನು ಮಾಡಬಹುದು. ಮಗುವೊಂದು ಉತ್ತರ ಹೇಳುವಾಗ ಗೋಡೆಯ ಮೇಲೆ ಬಣ್ಣದ ಚಿತ್ರ ಉಳಿದಿದ್ದರೆ ಉಳಿದ ಮಕ್ಕಳ ಕಣ್ಣು ಗೋಡೆಯಲ್ಲೇ ಇರುತ್ತದೆ. ಪರದೆ ಕಪ್ಪಾದರೆ ಎಲ್ಲರೂ ಮಾತನಾಡುವ ಮಗುವಿನತ್ತ ತಿರುಗುತ್ತಾರೆ. ಪ್ರಚೋದನಾ ವೈವಿಧ್ಯ ಕೌಶಲದಲ್ಲಿ ನಾವು ಕಲಿಸುವ ‘ವಿರಾಮ’ ಮತ್ತು ‘ಗಮನ ಕೇಂದ್ರೀಕರಣ’ ಇದೇ ಅಲ್ಲವೇ? ರಿಮೋಟಿನಲ್ಲಿ ಶಿಕ್ಷಕನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಗುಂಡಿ ಮುಂದಿನ ಸ್ಲೈಡಿನದಲ್ಲ, ಪರದೆ ಆರಿಸುವುದು ಎಂದು ನನಗೆ ಈಗ ಅನ್ನಿಸುತ್ತದೆ.

ಜೋಡಣೆಯ ಕೆಲವು ಮಾತುಗಳನ್ನೂ ಹೇಳಬೇಕು, ಏಕೆಂದರೆ ಪಾಠ ಕೆಡುವುದು ಬಹುತೇಕ ಅಲ್ಲಿ. ಇಂಥ ಹೆಚ್ಚಿನ ಆ್ಯಪ್‌ಗಳಿಗೆ ಫೋನೂ ಕಂಪ್ಯೂಟರೂ ಒಂದೇ ವೈಫೈ ಜಾಲದಲ್ಲಿರಬೇಕು. ಕೆಲವು ಬ್ಲೂಟೂತ್‌ನಲ್ಲೂ ನಡೆಯುತ್ತವೆ. ಶಾಲೆಯಲ್ಲಿ ವೈಫೈ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದರೆ ಸಾಕು. ಸ್ಲೈಡ್ ಸರಿಸುವ ಆಜ್ಞೆ ಆ ಎರಡರ ನಡುವೆಯೇ ಓಡಾಡುವುದರಿಂದ ಇಂಟರ್‌ನೆಟ್ ಬೇಕಿಲ್ಲ, ಮೊಬೈಲ್ ಡೇಟಾ ಆರಿಸಿಡಬಹುದು. ಕಾಲೇಜಿನ ವೈಫೈನಲ್ಲಿ ಮಾತ್ರ ಒಮ್ಮೊಮ್ಮೆ ತೊಡಕಾಗುತ್ತದೆ: ಸುರಕ್ಷತೆಗಾಗಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ಜಾಲವನ್ನು ಹೊಂದಿಸಿರುತ್ತಾರೆ, ಅಲ್ಲಿಯೂ ಹಾಟ್‌ಸ್ಪಾಟೇ ದಾರಿ. ವೈಫೈ ಸೌಲಭ್ಯವಿಲ್ಲದ ಹಳೆಯ ಡೆಸ್ಕ್‌ಟಾಪ್ ಆದರೆ ಮೊದಲೇ ತಿಳಿದಿರಬೇಕು. ಫೋನು ತಾನೇ ಲಾಕ್ ಆಗುವ ಅವಧಿಯನ್ನು ಹೆಚ್ಚಿಸಿಡಬೇಕು. ಇವನ್ನೆಲ್ಲ ಹಿಂದಿನ ದಿನ, ಅದೇ ಕೊಠಡಿಯಲ್ಲಿ, ಅದೇ ಕಂಪ್ಯೂಟರಿನಲ್ಲಿ ಪರೀಕ್ಷಿಸದೆ ತರಗತಿಗೆ ಹೋಗಬಾರದು. ಕರೆಂಟು ಹೋದರೆ ಪಾಠ ನಿಲ್ಲದಂತೆ ಪಾಠ ಯೋಜನೆಯಲ್ಲಿ ಕಪ್ಪುಹಲಗೆಯ ದಾರಿಯೂ ಇರಬೇಕು.

ಯಾರ ಫೋನು, ಯಾರ ಖಾಸಗಿತನ?

ಮೇಲಿನವು ಕೌಶಲದ ಮಾತು. ಇದಕ್ಕಿಂತ ಗಂಭೀರವಾದ ಎರಡು ಸಂಗತಿಗಳಿವೆ.

ಫೋನು ಶಾಲೆಯ ಉಪಕರಣವಲ್ಲ, ಪ್ರಶಿಕ್ಷಣಾರ್ಥಿಯ ಸ್ವಂತ ವಸ್ತು. ಅದರಲ್ಲಿ ಮನೆಯವರ ಚಿತ್ರಗಳಿವೆ, ಸಂದೇಶಗಳಿವೆ, ಬ್ಯಾಂಕಿನ ವ್ಯವಹಾರವಿದೆ. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಕೆಲವು ತಂತ್ರಾಂಶಗಳು ಫೋನಿಗೆ ಬಂದ ಸೂಚನೆಗಳನ್ನು ಕಂಪ್ಯೂಟರ್ ಪರದೆಯಲ್ಲೂ ತೋರಿಸುತ್ತವೆ. ಮುಕ್ತ ತಂತ್ರಾಂಶವಾದ ಕೆಡಿಇ ಕನೆಕ್ಟ್‌ನಲ್ಲಿ ಈ ಸೌಲಭ್ಯವಿದೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಅದು ಅನುಕೂಲ. ಪ್ರೊಜೆಕ್ಟರ್ ಹಚ್ಚಿದ ತರಗತಿಯಲ್ಲಿ ಯಾರೋ ಕಳಿಸಿದ ಸಂದೇಶ ನಲವತ್ತೈದು ಮಕ್ಕಳ ಎದುರು ಗೋಡೆಯ ಮೇಲೆ ಮೂಡಬಹುದು. ಅದರ ಸೆಟ್ಟಿಂಗ್‌ನಲ್ಲಿ ಬೇಡದ ಸೌಲಭ್ಯಗಳನ್ನು ಒಂದೊಂದಾಗಿ ಆರಿಸಬಹುದು. ಸ್ಲೈಡ್ ಸರಿಸುವುದೊಂದನ್ನು ಬಿಟ್ಟು ಉಳಿದವನ್ನು ಪಾಠಕ್ಕೆ ಮೊದಲೇ ಆರಿಸಿಡಬೇಕು. ಶಾಲೆಯ ವೈಫೈ ಬಳಸುವಾಗ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಹಚ್ಚಿದರೆ ಮೊಬೈಲ್ ಜಾಲದ ಕರೆಗಳೂ ಬರುವುದಿಲ್ಲ. ಹಾಟ್‌ಸ್ಪಾಟ್ ಬಳಸುವಾಗ ಈ ಉಪಾಯ ನಡೆಯದಿರಬಹುದು. ಆಗ ‘ಡು ನಾಟ್ ಡಿಸ್ಟರ್ಬ್’ ಹಚ್ಚಬೇಕು.

ಮಕ್ಕಳೇ ಕಂಪ್ಯೂಟರ್ ನಡೆಸಲಿ ಎಂಬ ಉತ್ಸಾಹದಲ್ಲಿ ಫೋನನ್ನು ಅವರ ಕೈಗೆ ಕೊಡುವುದನ್ನೂ ನೋಡಿದ್ದೇನೆ. ಉದ್ದೇಶ ಒಳ್ಳೆಯದು, ದಾರಿ ಸರಿಯಲ್ಲ. ಬೆರಳು ಒಂದು ಸಲ ಆಚೆ ಸರಿದರೆ ಶಿಕ್ಷಕಿಯ ಖಾಸಗಿ ಬದುಕು ಮಗುವಿನ ಕಣ್ಣಿಗೆ ಬೀಳುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಯುವತಿಯರು. ಇದರ ಪರಿಣಾಮ ಏನಾಗಬಹುದು ಎಂದು ವಿವರಿಸಬೇಕಾಗಿಲ್ಲ. ಮಕ್ಕಳ ಕೈಗೆ ಕೊಡಲು ತಂತಿಯಿಲ್ಲದ ಸಾಧಾರಣ ಮೌಸ್ ಸಾಕು. ಒಂದು ನೋಟ್‌ಪುಸ್ತಕದ ಮೇಲಿಟ್ಟು ಹಿಂದಿನ ಬೆಂಚಿನವರೆಗೂ ದಾಟಿಸಬಹುದು. ಅದರಲ್ಲಿ ಯಾರ ಗುಟ್ಟೂ ಇರುವುದಿಲ್ಲ. ಜಿಯೋಜೀಬ್ರಾದಂಥ ಕಡೆ ಬಿಂದುವನ್ನು ಹಿಡಿದೆಳೆಯಲು ಫೋನಿನ ಗಾಜಿಗಿಂತ ಮೌಸೇ ಸುಲಭ.

ಎರಡನೆಯ ಸಂಗತಿ ಸಮಾನತೆಯದು. ಗಣಿತದ ಪ್ರಶಿಕ್ಷಣಾರ್ಥಿ ಕಳೆದುಕೊಂಡ ಆ ಎರಡು ಅಂಕಗಳು ಅವಳ ಬೋಧನೆಯ ಕೊರತೆಗೆ ಹೋದವಲ್ಲ, ಹೊಸ ಫೋನು ಇಲ್ಲದ್ದಕ್ಕೆ ಹೋದವು. ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಾದ ಸಾಧನವೊಂದು ಅಂಕಪಟ್ಟಿಯೊಳಗೆ ನುಸುಳಿದರೆ ನಾವು ಅಳೆಯುವುದು ಮನೆಯ ಆರ್ಥಿಕ ಸ್ಥಿತಿಯನ್ನು. ಹಿಂದೆ ಚಾರ್ಟು ಮತ್ತು ಮಾದರಿಗಳನ್ನು ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದವರಿಗೆ ಹೆಚ್ಚು ಅಂಕ ಕೊಟ್ಟು ಮಾಡಿದ ತಪ್ಪನ್ನೇ ಈಗ ಬೇರೆ ರೂಪದಲ್ಲಿ ಮಾಡುತ್ತಿದ್ದೇವೆ. ಸ್ಲೈಡ್ ಸರಿಸುವುದಕ್ಕೆಂದೇ ಇರುವ, ಯು.ಎಸ್.ಬಿ. ತುಣುಕೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಕೆಲಸ ಮಾಡುವ ಪ್ರೆಸೆಂಟರ್‌ಗಳು ಸಿಗುತ್ತವೆ. ಫೋನಿನ ಬೆಲೆಗೆ ಹೋಲಿಸಿದರೆ ಅವು ಬಹಳ ಅಗ್ಗ. ಆ್ಯಪ್ ಬೇಡ, ವೈಫೈ ಬೇಡ, ಗುಂಡಿಗಳನ್ನು ನೋಡದೆಯೇ ಒತ್ತಬಹುದು. ಕಾಲೇಜು ಅಂಥ ನಾಲ್ಕಾರು ಪ್ರೆಸೆಂಟರ್‌ಗಳನ್ನೂ ತಂತಿಯಿಲ್ಲದ ಮೌಸ್‌ಗಳನ್ನೂ ಕೊಂಡು, ನಕ್ಷೆ ಮತ್ತು ಗೋಳಗಳನ್ನು ಕೊಡುವ ಹಾಗೆ ಅಭ್ಯಾಸ ಬೋಧನೆಗೆ ಎರವಲು ಕೊಡಬಹುದು.

ಸಹೋದ್ಯೋಗಿಗಳ ಎರಡು ಆಕ್ಷೇಪಗಳು

“ಇಷ್ಟೆಲ್ಲ ತೊಡಕಿದ್ದರೆ ಫೋನನ್ನೇ ನಿಷೇಧಿಸಿಬಿಡೋಣ” ಎನ್ನುವವರಿದ್ದಾರೆ. ಶಿಕ್ಷಕರು ತರಗತಿಯಲ್ಲಿ ಮೊಬೈಲ್ ಬಳಸಬಾರದು ಎಂಬ ನಿಯಮ ಹಲವು ಶಾಲೆಗಳಲ್ಲಿದೆ, ಅದಕ್ಕೆ ಕಾರಣವೂ ಇದೆ. ಆದರೆ ನಮ್ಮ ಪ್ರಶಿಕ್ಷಣಾರ್ಥಿಗಳು ನಾಳೆ ಹೋಗುವ ಶಾಲೆಯಲ್ಲಿ ಪ್ರೆಸೆಂಟರ್ ಇರಲಿಕ್ಕಿಲ್ಲ, ಕಿಸೆಯಲ್ಲಿ ಫೋನು ಇರುತ್ತದೆ. ಅದನ್ನು ಸರಿಯಾಗಿ ಬಳಸುವುದನ್ನು ನಾವು ಕಲಿಸದಿದ್ದರೆ ಅವರು ಹೇಗೋ ಬಳಸುತ್ತಾರೆ. ಕಲಿಸೋಣ, ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ ಅನುಮತಿ ಪಡೆಯೋಣ. ಮಕ್ಕಳಿಗೂ ಪಾಠದ ಆರಂಭದಲ್ಲಿ ಒಂದು ಮಾತು ಹೇಳಬೇಕು: “ಇದು ಈ ಹೊತ್ತು ನನ್ನ ರಿಮೋಟ್. ಕರೆ ಬರುವುದಿಲ್ಲ, ನಾನೂ ನೋಡುವುದಿಲ್ಲ.” ಮಕ್ಕಳ ಎದುರು ಕೊಟ್ಟ ಮಾತು ಶಿಕ್ಷಕನನ್ನೂ ಕಾಯುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಅನುಮತಿಯಿಲ್ಲದೆ ಯಾವ ತಂತ್ರಾಂಶವನ್ನೂ ಹಾಕಬಾರದು, ಹಾಕಿದ್ದನ್ನು ಅಭ್ಯಾಸ ಬೋಧನೆ ಮುಗಿದ ಮೇಲೆ ತೆಗೆದು ಬರಬೇಕು.

“ಕಾಲಕ್ಕೆ ತಕ್ಕಂತೆ ನಡೆಯಬೇಡವೇ, ತಂತ್ರಜ್ಞಾನ ಬಳಸಿದವರನ್ನು ಪ್ರೋತ್ಸಾಹಿಸಬೇಡವೇ?” ಎನ್ನುವವರೂ ಇದ್ದಾರೆ. ಪ್ರೋತ್ಸಾಹಿಸೋಣ. ಆದರೆ ರಿಮೋಟ್ ಇರುವುದರಿಂದ ಸ್ಲೈಡ್ ಸರಿಸುವುದು ಸಲೀಸಾಗುತ್ತದೆ. ಸಲೀಸಾದದ್ದರಿಂದ ಸ್ಲೈಡ್‌ಗಳ ಸಂಖ್ಯೆ ಹೆಚ್ಚುತ್ತದೆ. ಹೆಚ್ಚಿದಷ್ಟೂ ಮಗುವಿಗೆ ಯೋಚಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ. 40 ನಿಮಿಷಕ್ಕೆ 31 ಸ್ಲೈಡ್ ಎಂದರೆ ಒಂದಕ್ಕೆ ಸುಮಾರು ಒಂದೂಕಾಲು ನಿಮಿಷವಷ್ಟೇ ಸಿಗುತ್ತದೆ. ಅಷ್ಟರಲ್ಲಿ ಪ್ರಶ್ನೆ ಕೇಳಿ, ಕಾದು, ಉತ್ತರ ಪಡೆದು, ಇನ್ನೊಬ್ಬರ ಅಭಿಪ್ರಾಯ ಕೇಳಲು ಸಾಧ್ಯವೇ?

ವೀಕ್ಷಣಾ ಪಟ್ಟಿ ಬದಲಾಗಲಿ

ಹೀಗಾಗಿ ನನ್ನ ಸಲಹೆ ಪ್ರಶಿಕ್ಷಣಾರ್ಥಿಗಳಿಗಿಂತ ಹೆಚ್ಚಾಗಿ ನಮಗೆ, ಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುವವರಿಗೆ. ‘ತಂತ್ರಜ್ಞಾನದ ಬಳಕೆ’ ಎಂಬ ಒಂದೇ ಸಾಲಿನ ಬದಲು ಮೂರು ಪ್ರಶ್ನೆಗಳನ್ನು ಇಡೋಣ.

ಒಂದು: ಶಿಕ್ಷಕ ಎಲ್ಲೆಲ್ಲಿ ನಿಂತಿದ್ದ? ತರಗತಿಯ ಸಣ್ಣ ನಕ್ಷೆ ಬರೆದುಕೊಂಡು ನಿಮಿಷಕ್ಕೊಂದು ಚುಕ್ಕಿ ಇಟ್ಟರೆ 40 ಚುಕ್ಕಿಗಳಲ್ಲಿ ಪಾಠದ ಚಲನೆ ಕಾಣುತ್ತದೆ. ಸಹಪಾಠಿ ವೀಕ್ಷಕರೇ ಇದನ್ನು ಮಾಡಬಲ್ಲರು.

ಎರಡು: ಬೇರೆ ಬೇರೆ ಎಷ್ಟು ಮಕ್ಕಳು ಮಾತನಾಡಿದರು, ಎಷ್ಟು ಮಂದಿ ಉಪಕರಣ ಮುಟ್ಟಿದರು? ಅದೇ ನಕ್ಷೆಯಲ್ಲಿ ಅವರು ಕೂತ ಜಾಗಕ್ಕೆ ಗುರುತು ಹಾಕಿದರೆ ಹಿಂದಿನ ಸಾಲಿಗೆ ಪಾಠ ತಲುಪಿತೇ ಎಂಬುದು ತಿಳಿಯುತ್ತದೆ.

ಮೂರು: ಪರದೆ ಬೇಡವಾದಾಗ ಪರದೆ ಆರಿತೇ?

ಈ ಮೂರಕ್ಕೂ ಫೋನು ಬೇಕೇಬೇಕೆಂದಿಲ್ಲ. ಫೋನು ಇದ್ದವರಿಗೆ ಅದು ನೆರವಾಗಬಹುದು. ಇಲ್ಲದವರು ಮಗುವೊಂದನ್ನು ಕರೆದು ಕೂರಿಸಿ ಅದೇ ಫಲ ಪಡೆಯಬಹುದು.

ಜೊತೆಗೆ, ರಿಮೋಟಿನ ಅಭ್ಯಾಸ ಸೂಕ್ಷ್ಮ ಬೋಧನೆಯಲ್ಲೇ ಆಗಿಬಿಡಲಿ. ನಮ್ಮಲ್ಲಿ ರೂಢಿಯಲ್ಲಿರುವ 36 ನಿಮಿಷದ ಚಕ್ರದಲ್ಲಿ (ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6) ಒಂದು ಸುತ್ತನ್ನು ಇದಕ್ಕೆ ಕೊಡೋಣ. ಆರು ನಿಮಿಷದಲ್ಲಿ ಮೂರೇ ಸ್ಲೈಡ್, ಫೋನು ನೋಡಿದಾಗಲೆಲ್ಲ ವೀಕ್ಷಕ ಒಂದು ಗೆರೆ ಹಾಕಬೇಕು. ಮರುಬೋಧನೆಯಲ್ಲಿ ಗೆರೆಗಳು ಕಡಿಮೆಯಾಗಬೇಕು. ಗೆರೆ ಎಣಿಸಿದ ಮೇಲೆ ಹೆಚ್ಚು ಉಪದೇಶ ಬೇಕಾಗುವುದಿಲ್ಲ.

ಮೊದಲನೆಯ ಪ್ರಶಿಕ್ಷಣಾರ್ಥಿ ಮುಂದಿನ ವಾರ ಅದೇ ಪಾಠವನ್ನು ಇನ್ನೊಂದು ವಿಭಾಗಕ್ಕೆ ಮಾಡಿದ. ಸ್ಲೈಡ್‌ಗಳು 31ರಿಂದ 9ಕ್ಕೆ ಇಳಿದಿದ್ದವು. ಸೂಕ್ಷ್ಮದರ್ಶಕದಲ್ಲಿ ಕಾಣುವ ಈರುಳ್ಳಿ ಸಿಪ್ಪೆಯ ಚಿತ್ರವೊಂದನ್ನು ಹಾಕಿ, ಹಿಂದಿನ ಬೆಂಚಿನ ಬಳಿ ಹೋಗಿ, “ಏನು ಕಾಣ್ತಿದೆ? ಹೆಸರು ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಕಂಡದ್ದು ಹೇಳಿ” ಎಂದು ಸುಮ್ಮನೆ ನಿಂತ. “ಇಟ್ಟಿಗೆ ಗೋಡೆ ಸಾರ್” ಎಂದಿತು ಒಂದು ಮಗು. ಅವನು ಪರದೆ ಕಪ್ಪಾಗಿಸಿ, “ಇಟ್ಟಿಗೆ ಅಂತ ಯಾಕೆ ಅನ್ನಿಸ್ತು?” ಎಂದು ಕೇಳಿದ. ಆ ದಿನ ಮಾತನಾಡಿದವರು ಹನ್ನೊಂದು ಮಕ್ಕಳು, ನಾಲ್ವರು ಕೊನೆಯ ಸಾಲುಗಳವರು. ನಡುವೆ ಒಮ್ಮೆ ಫೋನಿನ ಸಂಪರ್ಕ ತಪ್ಪಿತು. ಅವನು ಗಡಿಬಿಡಿ ಮಾಡಿಕೊಳ್ಳದೆ ಫೋನನ್ನು ಕಿಸೆಗೆ ಹಾಕಿ, ಲ್ಯಾಪ್‌ಟಾಪ್ ಬಳಿ ಕೂತಿದ್ದ ಹುಡುಗನಿಗೆ ಮುಂದಿನ ಕೀಲಿ ಒತ್ತಲು ಹೇಳಿದ. ಗಣಿತದ ಗೆಳತಿಯಿಂದ ಕಲಿತದ್ದು ಎಂದು ಆಮೇಲೆ ತಾನೇ ಒಪ್ಪಿಕೊಂಡ.

ವಿಭಾಗದ ಸಹೋದ್ಯೋಗಿಗಳೊಡನೆ ಚರ್ಚಿಸಿ ಗಣಿತದ ಪಾಠದ ಅಂಕವನ್ನು ತಿದ್ದಿದೆ. ವಿಜ್ಞಾನದ ಮೊದಲ ಪಾಠದ ಅಂಕವನ್ನು ಇಳಿಸಲಿಲ್ಲ. ಪಟ್ಟಿಯ ಆ ಸಾಲು ಏನು ಕೇಳಿತ್ತೋ ಅದನ್ನೇ ಅವನು ಮಾಡಿದ್ದ. ಹಾಗೆ ಕೇಳಿದ್ದು ನಮ್ಮ ತಪ್ಪು. ಮುಂದಿನ ಅಭ್ಯಾಸ ಬೋಧನೆ ಆರಂಭವಾಗುವ ಮೊದಲು ಆ ಸಾಲನ್ನು ತಿದ್ದುವ ಕೆಲಸ ನಮ್ಮ ಮುಂದಿದೆ.